ನೆರೆದೇಶಗಳ ನಡುವೆ ಬಿಗುವು: ಹೊರಡುವ ಮೊದಲು ಮರಳುವ ದಾರಿ ಗಟ್ಟಿ ಮಾಡಿಕೊಳ್ಳಿ

ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಸೇನೆಗಳ ನಡುವೆ ಕಾಳಗ ಶುರುವಾದದ್ದು 2025ರ ಜುಲೈ 24ರಂದು. ಅದಕ್ಕೆ ಸುಮಾರು ಒಂದು ತಿಂಗಳ ಮೊದಲೇ ರಸ್ತೆ ಗಡಿಗಳು ಪ್ರವಾಸಿಗರಿಗೆ ಮುಚ್ಚಿದ್ದವು. ಬ್ಯಾಂಕಾಕ್‌ನಲ್ಲಿ ಬಸ್ ಹತ್ತಿ, ಪೊಯ್‌ಪೆಟ್‌ನಲ್ಲಿ ಗಡಿ ದಾಟಿ ಅಂಗ್ಕೋರ್ ವಾಟ್ ನೋಡಬೇಕೆಂದಿದ್ದವರಿಗೆ ಗುಂಡಿನ ಸದ್ದು ಕೇಳುವ ಮುನ್ನವೇ ದಾರಿ ಬಂದ್ ಆಗಿತ್ತು. ಎರಡೂ ರಾಜಧಾನಿಗಳ ವಿಮಾನ ನಿಲ್ದಾಣಗಳು ಮಾತ್ರ ಕೆಲಸ ಮಾಡುತ್ತಲೇ ಇದ್ದವು.

ಇಂಥ ಹೊತ್ತಿನಲ್ಲಿ ಪ್ರಯಾಣಿಕರಿಗೆ ಎದುರಾಗುವ ಕಷ್ಟದಲ್ಲಿ ಹೆಚ್ಚಿನ ಪಾಲು ಹೀಗೆಯೇ ಇರುತ್ತದೆ. ಬಾಂಬಿಗೆ ಸಿಕ್ಕಿಕೊಳ್ಳುವವರಿಗಿಂತ ಮುಚ್ಚಿದ ಗಡಿ, ರದ್ದಾದ ವೀಸಾ, ಕೈಕೊಟ್ಟ ವಿಮೆಗೆ ಸಿಕ್ಕಿಕೊಳ್ಳುವವರೇ ಹೆಚ್ಚು. ಆದ್ದರಿಂದ ಹೋಗುವ ದಾರಿಯ ಬಗ್ಗೆ ಯೋಚಿಸುವ ಮೊದಲು ವಾಪಸ್ ಬರುವ ದಾರಿಯನ್ನು ಲೆಕ್ಕ ಹಾಕಬೇಕು.

1. ದೇಶದ ಹೆಸರು ಬಿಡಿ, ಕಿಲೋಮೀಟರ್ ಅಳೆಯಿರಿ

'ಆ ದೇಶಕ್ಕೆ ಹೋಗಬಹುದಾ?' ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ. ನಕ್ಷೆ ತೆರೆದು, ನೀವು ತಂಗುವ ಊರು, ದಾರಿಯಲ್ಲಿ ಹಾಯುವ ಊರು, ಇಳಿಯುವ ವಿಮಾನ ನಿಲ್ದಾಣ, ಈ ಮೂರೂ ಗಡಿಯಿಂದ ಎಷ್ಟು ದೂರ ಎಂದು ಬರೆದಿಟ್ಟುಕೊಳ್ಳಿ. ಥಾಯ್ಲೆಂಡ್-ಕಾಂಬೋಡಿಯಾ ಕದನದ ವೇಳೆ ಬ್ರಿಟನ್ ಸರ್ಕಾರ ತನ್ನ ನಾಗರಿಕರಿಗೆ ಹೇಳಿದ್ದು ಗಡಿಯಿಂದ 50 ಕಿ.ಮೀ. ಒಳಗೆ ಅಗತ್ಯವಿಲ್ಲದಿದ್ದರೆ ಹೋಗಬೇಡಿ ಎಂದು, ದೇಶಕ್ಕೇ ಹೋಗಬೇಡಿ ಎಂದಲ್ಲ.

ಪ್ರಯಾಣ ಸೂಚನೆ ಓದುವಾಗ ನಿಮ್ಮ ಸರ್ಕಾರದ್ದರ ಜೊತೆಗೆ ಇನ್ನೆರಡು ದೇಶಗಳದ್ದನ್ನೂ ಓದಿ. ಅಮೆರಿಕ 1ರಿಂದ 4ರವರೆಗೆ ಹಂತ ಕೊಡುತ್ತದೆ. ಮೇಲೆ ದೇಶಕ್ಕೆಲ್ಲ ಸೇರಿ ಹಂತ 2 ಎಂದಿದ್ದರೂ ಒಳಗೆ ಒಂದು ಪ್ರಾಂತ್ಯಕ್ಕೆ ಹಂತ 4 ಇರಬಹುದು. ಶೀರ್ಷಿಕೆ ನೋಡಿ ಪುಟ ಮುಚ್ಚಿದವರು ಎಡವುವುದು ಇಲ್ಲೇ. 'ಅಗತ್ಯವಿಲ್ಲದಿದ್ದರೆ ಬೇಡ' ಮತ್ತು 'ಹೋಗಲೇಬೇಡಿ' ಎರಡೂ ಬೇರೆ ಮಾತು. ಆದರೆ ಎಷ್ಟೋ ವಿಮಾ ಪಾಲಿಸಿಗಳು ಮೊದಲನೆಯ ಮಾತಿಗೇ ರಕ್ಷಣೆ ನಿಲ್ಲಿಸುತ್ತವೆ. ಪುಟ ಯಾವತ್ತು ಪರಿಷ್ಕರಣೆಯಾಗಿದೆ ಎಂಬುದನ್ನೂ ನೋಡಿ.

2. ಜಗಳವಾಡುತ್ತಿರುವ ಎರಡೂ ದೇಶಗಳನ್ನು ನೆಚ್ಚದ ಎರಡು ದಾರಿಗಳು

2025ರ ಜೂನ್ 13ರಂದು ಇರಾನ್ ಮೇಲೆ ಇಸ್ರೇಲ್ ದಾಳಿ ನಡೆಸಿದ ಕೂಡಲೇ ಇರಾನ್, ಇಸ್ರೇಲ್, ಇರಾಕ್, ಜೋರ್ಡಾನ್ ವಾಯುಪ್ರದೇಶಗಳು ಒಟ್ಟಿಗೇ ಮುಚ್ಚಿದವು. ಇರಾನಿನ ಉರ್ಮಿಯಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಹೊರಬಂದದ್ದು ರಸ್ತೆಯಲ್ಲಿ, ಅರ್ಮೇನಿಯಾ ದಾಟಿ. ನಕ್ಷೆಯಲ್ಲಿ ಅಜರ್‌ಬೈಜಾನ್ ಕೂಡ ಪಕ್ಕದಲ್ಲೇ ಇದೆ, ರಸ್ತೆಯೂ ಇದೆ. ಆದರೆ ಆ ದೇಶ ತನ್ನ ಭೂಗಡಿಗಳನ್ನು 2020ರಿಂದಲೇ ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿಟ್ಟಿತ್ತು. ವಿಶೇಷ ಅನುಮತಿ ಪಡೆದವರಷ್ಟೇ ದಾಟಬಹುದಿತ್ತು.

ಹಾಗಾಗಿ ಪ್ರತಿ ದಾರಿಗೂ ನಾಲ್ಕು ವಿಷಯ ಬರೆದುಕೊಳ್ಳಿ: ಗಡಿಠಾಣೆಯ ಹೆಸರು, ವಿದೇಶಿಯರಿಗೆ ತೆರೆದಿದೆಯೇ (ಸ್ಥಳೀಯರಿಗೆ, ಸರಕು ಲಾರಿಗಳಿಗೆ ಮಾತ್ರ ಇರುವ ಠಾಣೆಗಳು ಬೇಕಾದಷ್ಟಿವೆ), ಎಷ್ಟು ಗಂಟೆಗೆ ಮುಚ್ಚುತ್ತದೆ, ಆಚೆಯ ದೇಶಕ್ಕೆ ನಿಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕೇ. ವೀಸಾ ಬೇಕಿದ್ದು, ಇ-ವೀಸಾ ಸಿಗುವುದಾದರೆ ಹೊರಡುವ ಮೊದಲೇ ಮಾಡಿಸಿಡಿ. ಎಷ್ಟೋ ಇ-ವೀಸಾಗಳು ಗೊತ್ತುಪಡಿಸಿದ ವಿಮಾನ ನಿಲ್ದಾಣಗಳಲ್ಲಿ ಮಾತ್ರ ನಡೆಯುತ್ತವೆ, ರಸ್ತೆ ಗಡಿಯಲ್ಲಿ ನಡೆಯುವುದಿಲ್ಲ. ಅದನ್ನೂ ಓದಿ ನೋಡಿ.

ವಿವಾದಿತ ಪ್ರದೇಶಕ್ಕೆ ಯಾವ ಕಡೆಯಿಂದ ಕಾಲಿಡುತ್ತೀರಿ ಎಂಬುದು ಕಾನೂನಿನ ಪ್ರಶ್ನೆ. ಜಾರ್ಜಿಯಾದಿಂದ ಬೇರ್ಪಟ್ಟ ಅಬ್ಖಾಜಿಯಾಕ್ಕೆ ರಷ್ಯಾ ಕಡೆಯಿಂದ ಹೋಗುವುದು ಜಾರ್ಜಿಯಾದ ಕಾನೂನಿನಲ್ಲಿ ಅಪರಾಧ. ಆ ದಾರಿಯಲ್ಲಿ ಹೋಗಿ ಜಾರ್ಜಿಯಾ ಕಡೆಗೆ ಹೊರಬರಲು ನೋಡಿದರೆ ಜೈಲಿಗೂ ಹೋಗಬೇಕಾದೀತು. ಪಾಸ್‌ಪೋರ್ಟಿನ ಮುದ್ರೆಗಳೂ ಕಥೆ ಹೇಳುತ್ತವೆ. ಇಸ್ರೇಲಿಗೆ ಹೋಗಿಬಂದವರನ್ನು ಕೆಲವು ದೇಶಗಳು ಒಳಗೆ ಬಿಡುವುದಿಲ್ಲ. ಇಸ್ರೇಲ್ ಈಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೇರೆ ಚೀಟಿ ಕೊಡುತ್ತದೆ. ಆದರೂ ಪಕ್ಕದ ಜೋರ್ಡಾನ್ ಅಥವಾ ಈಜಿಪ್ಟ್‌ನ ರಸ್ತೆ ಗಡಿಠಾಣೆಯ ಮುದ್ರೆ ಬಿದ್ದಿದ್ದರೆ ನೀವು ಎಲ್ಲಿಗೆ ಹೋಗಿದ್ದಿರಿ ಎಂಬುದು ಗೊತ್ತಾಗಿಬಿಡುತ್ತದೆ.

3. ಟಿಕೆಟ್: ಒಂದೇ ಪಿಎನ್‌ಆರ್, ಮತ್ತು ರದ್ದು ಮಾಡುವ ಹೊತ್ತು

ಎರಡು ಕಂಪನಿಗಳ ಅಗ್ಗದ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡು ಜೋಡಿಸುವುದು ಶಾಂತಿಕಾಲಕ್ಕೆ ಸರಿ. ಬಿಗುವಿನ ಹೊತ್ತಿನಲ್ಲಿ ಬೇಡ. ಮೊದಲ ವಿಮಾನ ದಾರಿ ಬದಲಿಸಿ ತಡವಾಗಿ ಇಳಿದರೆ ಎರಡನೆಯ ಕಂಪನಿ ನಿಮ್ಮನ್ನು 'ಬರಲಿಲ್ಲ' ಎಂದು ಬರೆದುಕೊಳ್ಳುತ್ತದೆ, ಟಿಕೆಟ್ ಹಣ ಹೋಗುತ್ತದೆ. ಒಂದೇ ಪಿಎನ್‌ಆರ್ ಇದ್ದರೆ ಕೊನೆಯ ಊರಿಗೆ ತಲುಪಿಸುವ ಹೊಣೆ ಕಂಪನಿಯದ್ದು.

ಯಾವ ದೇಶದ ಕಂಪನಿ ಎಂಬುದೂ ಮುಖ್ಯ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದ್ದು ಭಾರತದ ವಿಮಾನ ಕಂಪನಿಗಳಿಗೆ. ಏಪ್ರಿಲ್ 30ರಂದು ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಹಾಗೆಯೇ ಮಾಡಿತು. ಮೂರನೆಯ ದೇಶದ ಕಂಪನಿಗಳಿಗೆ ಆ ನಿರ್ಬಂಧ ಇರಲಿಲ್ಲ. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೊರಟ ಭಾರತೀಯ ವಿಮಾನಗಳು ಸುತ್ತು ಬಳಸಿ, ಇಂಧನ ತುಂಬಿಸಿಕೊಳ್ಳಲು ನಡುವೆ ಯುರೋಪಿನಲ್ಲಿ ಇಳಿಯಬೇಕಾಯಿತು. ಹೀಗೆ ಸುತ್ತು ಹೊಡೆಯುವ ಮಾರ್ಗವಿದ್ದರೆ ಮುಂದಿನ ವಿಮಾನಕ್ಕೆ 3 ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಬೇಡಿ.

ಹೆದರಿಕೆಯಲ್ಲಿ ಎಲ್ಲರೂ ಮಾಡುವ ದುಬಾರಿ ತಪ್ಪೊಂದಿದೆ. ಕಂಪನಿ ರದ್ದು ಮಾಡುವ ಮೊದಲೇ ನೀವೇ ರದ್ದು ಮಾಡಿದರೆ ಟಿಕೆಟಿನ ಷರತ್ತಿನಂತೆ ದಂಡ ಕಳೆದು ಉಳಿದದ್ದು ಬರುತ್ತದೆ, ಕೆಲವೊಮ್ಮೆ ಏನೂ ಬರುವುದಿಲ್ಲ. ಕಂಪನಿಯೇ ರದ್ದು ಮಾಡಿದರೆ ಸಾಮಾನ್ಯವಾಗಿ ಪೂರ್ತಿ ಹಣ ಅಥವಾ ಬೇರೆ ವಿಮಾನ ಕೇಳಬಹುದು. ಆದ್ದರಿಂದ ಇನ್ನೂ ಮನೆಯಲ್ಲೇ ಇರುವವರು ಮೊದಲು ಕಂಪನಿಯ ಜಾಲತಾಣದಲ್ಲಿ ವಿನಾಯಿತಿ ಪ್ರಕಟಣೆ ಬಂದಿದೆಯೇ ನೋಡಲಿ, ದಿನಾಂಕ ಬದಲಿಸಲು ಶುಲ್ಕವಿಲ್ಲ ಎಂದಿದ್ದರೆ ಬಳಸಿಕೊಳ್ಳಲಿ. ಆಗಲೇ ಅಲ್ಲಿಗೆ ಹೋಗಿ ಅಪಾಯದ ಜಾಗದಲ್ಲಿರುವವರಿಗೆ ಈ ಲೆಕ್ಕಾಚಾರ ಸಲ್ಲದು, ಅವರು ಹಣದ ಮುಖ ನೋಡದೆ ಹೊರಡಬೇಕು. ಇನ್ನೊಂದು ಮಾತು: ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟಿನ ಮರಳುವ ಪ್ರಯಾಣವೂ ತಾನಾಗಿ ರದ್ದಾಗುವುದು ರೂಢಿ.

ಯುರೋಪ್ ಒಕ್ಕೂಟದಿಂದ ಹೊರಡುವ ವಿಮಾನವಾದರೆ ಅಲ್ಲಿನ 261/2004 ನಿಯಮ ನೆನಪಿರಲಿ. ವಾಯುಪ್ರದೇಶ ಮುಚ್ಚಿದ್ದಕ್ಕೆ ಪರಿಹಾರಧನ ಸಿಗುವುದಿಲ್ಲ, ಆದರೆ ಊಟ, ವಸತಿ ಕೊಡಲೇಬೇಕು. 2010ರ ಐಸ್‌ಲ್ಯಾಂಡ್ ಜ್ವಾಲಾಮುಖಿ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2013ರಲ್ಲಿ ಹೀಗೆಯೇ ತೀರ್ಪು ಕೊಟ್ಟಿದೆ. ಬಿಲ್ಲುಗಳನ್ನು ಜೋಪಾನವಾಗಿಡಿ.

4. ಆಕಾಶದ ಸೂಚನೆ ಓದುವುದು

ವಾಯುಪ್ರದೇಶ ಮುಚ್ಚುವ ಅಧಿಕೃತ ಸೂಚನೆಗೆ 'ನೋಟಮ್' ಎನ್ನುತ್ತಾರೆ. ಅದರಲ್ಲಿ ಸಮಯ ಇರುವುದು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ), ಸ್ಥಳೀಯ ಗಂಟೆಯಲ್ಲಲ್ಲ. 2025ರ ಮೇ ತಿಂಗಳಲ್ಲಿ ಭಾರತದ ಉತ್ತರ ಮತ್ತು ಪಶ್ಚಿಮದ 32 ವಿಮಾನ ನಿಲ್ದಾಣಗಳನ್ನು ಮೇ 15ರ ಬೆಳಿಗ್ಗೆ 5 ಗಂಟೆ 29 ನಿಮಿಷದವರೆಗೆ ಮುಚ್ಚಲಾಗಿತ್ತು. ಈ ವಿಚಿತ್ರ ಸಮಯ ಎಲ್ಲಿಂದ ಬಂತು? ನೋಟಮ್ ರೀತಿಯಲ್ಲಿ ಬರೆದರೆ ಅದು 2505142359. ಮೊದಲ ಎರಡು ಅಂಕಿ ವರ್ಷ, ಮುಂದಿನವು ತಿಂಗಳು, ದಿನ, ಗಂಟೆ, ನಿಮಿಷ: 2025 ಮೇ 14, ಯುಟಿಸಿ 23.59. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ಭಾರತದಲ್ಲಿ ಮರುದಿನ ಬೆಳಿಗ್ಗೆ 5.29. ಇದನ್ನು ಗಮನಿಸದವರು ಒಂದು ದಿನ ತಪ್ಪು ಲೆಕ್ಕ ಹಾಕುತ್ತಾರೆ.

ಆ ಗಡುವು ಅಂತಿಮವೂ ಅಲ್ಲ. ಆ 32 ನಿಲ್ದಾಣಗಳು ಮೇ 12ರಂದೇ ತೆರೆದವು. ಬೇರೆ ಕಡೆ ಗಡುವು ಮುಂದಕ್ಕೆ ಹೋಗುತ್ತಲೇ ಇರುವುದೂ ಉಂಟು. ಆಕಾಶ ತೆರೆದ ಕೂಡಲೇ ವೇಳಾಪಟ್ಟಿ ಸರಿಹೋಗುವುದಿಲ್ಲ. 2025ರ ಜೂನ್ 23ರ ಸಂಜೆ ಕತಾರ್ ತನ್ನ ಆಕಾಶ ಮುಚ್ಚಿದ್ದು ಕೆಲವೇ ಗಂಟೆ. ಆದರೆ ದೋಹಾಕ್ಕೆ ಬರಬೇಕಿದ್ದ ವಿಮಾನಗಳು ಬೇರೆ ಬೇರೆ ಊರುಗಳಲ್ಲಿ ಇಳಿದಿದ್ದವು. ವಿಮಾನ ಒಂದೆಡೆ, ಸಿಬ್ಬಂದಿ ಇನ್ನೊಂದೆಡೆ ಉಳಿದರೆ ಎಲ್ಲವನ್ನೂ ಮತ್ತೆ ಜೋಡಿಸಲು ದಿನಗಳೇ ಬೇಕು.

ತೆರೆದ ಆಕಾಶವೆಲ್ಲ ಸುರಕ್ಷಿತ ಎಂದುಕೊಳ್ಳಬೇಡಿ. 2014ರ ಜುಲೈ 17ರಂದು ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ ಪೂರ್ವ ಉಕ್ರೇನ್ ಮೇಲೆ 33,000 ಅಡಿಯಲ್ಲಿ ಹಾರುತ್ತಿತ್ತು. ನಿಷೇಧವಿದ್ದದ್ದು 32,000 ಅಡಿಯವರೆಗೆ. ಕ್ಷಿಪಣಿ ತಗುಲಿ 298 ಜನ ಸತ್ತರು. ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಸಂಘರ್ಷ ವಲಯಗಳ ಬಗ್ಗೆ ಹೊರಡಿಸುವ ಎಚ್ಚರಿಕೆಗಳನ್ನು ಯಾರು ಬೇಕಾದರೂ ಓದಬಹುದು. ನಿಮ್ಮ ಮಾರ್ಗ ಅಲ್ಲಿ ಹೆಸರಿಸಿದ ಆಕಾಶದಲ್ಲಿ ಹಾಯುತ್ತಿದ್ದರೆ ಬೇರೆ ಮಾರ್ಗದ ಕಂಪನಿ ಆರಿಸಿಕೊಳ್ಳಿ.

5. ವಿಮೆ

ಯುದ್ಧ ಎಂಬ ಪದ ಪಾಲಿಸಿಯ ಹೊರಗಿಡುವ ಪಟ್ಟಿಯಲ್ಲಿ ಬಹುತೇಕ ಇದ್ದೇ ಇರುತ್ತದೆ. ಭಯೋತ್ಪಾದನೆಗೆ ಕೆಲವರು ರಕ್ಷಣೆ ಕೊಡುತ್ತಾರೆ. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಕೊಂಡ ಪಾಲಿಸಿಗೆ ಆ ಗಲಾಟೆ 'ಮೊದಲೇ ಗೊತ್ತಿದ್ದ ಘಟನೆ' ಎನಿಸಿ ಹಣ ಸಿಗುವುದಿಲ್ಲ. ನೀವು ಅಲ್ಲಿದ್ದಾಗಲೇ ಕಾಳಗ ಶುರುವಾದರೆ ಎಷ್ಟು ದಿನ ರಕ್ಷಣೆ ಇದೆ, ಮರಳಲಾಗದೆ ಉಳಿದರೆ ಅವಧಿ ತಾನಾಗಿ ವಿಸ್ತರಣೆಯಾಗುತ್ತದೆಯೇ ಎಂಬೆರಡನ್ನು ಇಮೇಲ್ ಮೂಲಕ ಕೇಳಿ, ಬರಹದ ಉತ್ತರ ಪಡೆಯಿರಿ.

6. ವೀಸಾ 48 ಗಂಟೆಯಲ್ಲಿ ಮುಗಿಯಬಹುದು

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ, ಸಾರ್ಕ್ ವೀಸಾದಲ್ಲಿ ಬಂದಿದ್ದ ಪಾಕಿಸ್ತಾನೀಯರಿಗೆ ಭಾರತ 48 ಗಂಟೆ ಕೊಟ್ಟಿತು. ಅಟ್ಟಾರಿ ಗಡಿಠಾಣೆ ಮುಚ್ಚಿತು. ಸರಿಯಾದ ದಾಖಲೆಯಿಟ್ಟುಕೊಂಡು ದಾಟಿದ್ದವರು ಮೇ 1ರೊಳಗೆ ಅದೇ ದಾರಿಯಲ್ಲಿ ಮರಳಬಹುದಿತ್ತು. ಗಂಡನದ್ದೊಂದು, ಹೆಂಡತಿಯದ್ದೊಂದು ಪಾಸ್‌ಪೋರ್ಟ್ ಇರುವ ಮನೆಗಳು ಗಡಿಯಲ್ಲಿ ಎರಡಾಗಿ ನಿಲ್ಲಬೇಕಾಯಿತು. ಅಂಥ ಕುಟುಂಬಗಳು ಮದುವೆ ನೋಂದಣಿ, ಮಕ್ಕಳ ಜನನ ಪ್ರಮಾಣಪತ್ರ, ಒಬ್ಬರೇ ಪೋಷಕರು ಮಗುವನ್ನು ಕರೆದೊಯ್ಯಲು ಇನ್ನೊಬ್ಬರ ಒಪ್ಪಿಗೆ ಪತ್ರ, ಈ ಮೂರರ ಮೂಲಪ್ರತಿಯನ್ನೇ ಜೊತೆಗಿಟ್ಟುಕೊಳ್ಳಬೇಕು. ಫೋನಿನಲ್ಲಿರುವ ಚಿತ್ರವನ್ನು ಗಡಿಯಲ್ಲಿ ಒಪ್ಪದಿರಬಹುದು.

7. ಚೀಲ ಮತ್ತು ಫೋನು

ದಿನವೂ ನುಂಗುವ ಔಷಧಿ ಪ್ರವಾಸದ ದಿನಗಳಿಗಿಂತ 10 ದಿನ ಹೆಚ್ಚಿಗೆ, ಚೀಟಿಯ ಸಮೇತ, ಕೈಚೀಲದಲ್ಲಿರಲಿ. ಕಾರ್ಡ್ ಯಂತ್ರಗಳು ನಿಂತರೂ ಮೂರು ದಿನ ಊಟ, ವಸತಿ, ಗಡಿಯವರೆಗಿನ ಟ್ಯಾಕ್ಸಿಗೆ ಸಾಲುವಷ್ಟು ನಗದನ್ನು ಚಿಕ್ಕ ನೋಟುಗಳಲ್ಲಿ ಎರಡು ಕಡೆ ಹಂಚಿಡಿ. ಪವರ್ ಬ್ಯಾಂಕ್ ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗೆ ನಡೆಯುತ್ತದೆ. 20,000 ಎಂಎಎಚ್‌ನದ್ದು ಸುಮಾರು 74. ಅದು ಕೈಚೀಲದಲ್ಲೇ ಇರಬೇಕು.

ಗಡಿಯ ಹತ್ತಿರ ಫೋನು ಆಚೆ ದೇಶದ ಟವರ್ ಹಿಡಿದುಬಿಡುತ್ತದೆ. ರೋಮಿಂಗ್ ಬಿಲ್ ಏರುವುದು ಒಂದು ಕಡೆ, ಗಡಿಯಾರ ಅಲ್ಲಿನ ಸಮಯಕ್ಕೆ ಜಾರುವುದು ಇನ್ನೊಂದು ಕಡೆ. ಕೊನೆಯ ಬಸ್ ತಪ್ಪಲು ಅರ್ಧ ಗಂಟೆಯ ವ್ಯತ್ಯಾಸ ಸಾಕು. ನೆಟ್‌ವರ್ಕ್ ಮತ್ತು ಸಮಯ ಎರಡನ್ನೂ ನೀವೇ ಆರಿಸಿ ಸ್ಥಿರ ಮಾಡಿ. ಜಿಪಿಎಸ್ ನಂಬಬೇಡಿ. 2024ರಲ್ಲಿ ಇಸ್ರೇಲಿನೊಳಗೆ ನಿಂತವರ ಫೋನು ಅವರನ್ನು ಬೈರುತ್ ವಿಮಾನ ನಿಲ್ದಾಣದಲ್ಲಿ ತೋರಿಸುತ್ತಿತ್ತು, ಕ್ಷಿಪಣಿಗಳ ದಾರಿ ತಪ್ಪಿಸಲು ಹರಿಬಿಟ್ಟ ಸುಳ್ಳು ಸಂಕೇತದಿಂದ. ಆಫ್‌ಲೈನ್ ನಕ್ಷೆ ಇಳಿಸಿಕೊಂಡು, ಕಾಗದದ ನಕ್ಷೆಯನ್ನೂ ಇಟ್ಟುಕೊಳ್ಳಿ.

ಸೇತುವೆ, ಗಡಿಠಾಣೆ, ಸೇನಾ ವಾಹನ, ಬಿದ್ದ ಶೆಲ್, ಇವುಗಳ ಫೋಟೊ ತೆಗೆಯಬೇಡಿ. ಡ್ರೋನ್ ಮನೆಯಲ್ಲೇ ಬಿಡಿ. ಬಂಧಿಸಿದರೆ 'ನನ್ನ ರಾಯಭಾರ ಕಚೇರಿಗೆ ತಿಳಿಸಿ' ಎಂದು ಕೇಳಿ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆ ಹಕ್ಕು ಕೊಡುತ್ತದೆ. ಸೈರನ್ ಮೊಳಗಿದರೆ ಕಿಟಕಿಯಿಂದ ದೂರ, ಹೊರಗೋಡೆಗೂ ನಿಮಗೂ ನಡುವೆ ಇನ್ನೊಂದು ಗೋಡೆ ಇರುವ ಜಾಗಕ್ಕೆ ಹೋಗಿ. ಬಯಲಿನಲ್ಲಿದ್ದರೆ ನೆಲಕ್ಕೆ ಬೋರಲು ಮಲಗಿ ಕೈಗಳಿಂದ ತಲೆ ಮುಚ್ಚಿಕೊಳ್ಳಿ. ಹಳೆಯ ಕದನಗಳ ಗಡಿಗಳಲ್ಲಿ ನೆಲಬಾಂಬ್ ಉಳಿದಿರುತ್ತವೆ. ಮೂತ್ರಕ್ಕೆಂದು ಕೂಡ ರಸ್ತೆ ಬಿಟ್ಟು ಇಳಿಯಬೇಡಿ.

8. ಯಾವಾಗ ಹೊರಡಬೇಕು ಎಂಬುದನ್ನು ಮೊದಲೇ ಬರೆದಿಡಿ

ಅಲ್ಲಿ ಕುಳಿತು ಯೋಚಿಸಿದರೆ 'ಇನ್ನೊಂದು ದಿನ ನೋಡೋಣ' ಎಂದೇ ಅನಿಸುತ್ತದೆ. ಆದ್ದರಿಂದ ಮನೆಯಲ್ಲೇ ಗುರುತುಗಳನ್ನು ನಿಗದಿ ಮಾಡಿ: ರಾಯಭಾರ ಕಚೇರಿಗಳು ಸಿಬ್ಬಂದಿಯ ಕುಟುಂಬಗಳನ್ನು ವಾಪಸ್ ಕಳಿಸಿದವು, ಗಡಿಠಾಣೆಯ ಸಮಯ ಕಡಿತವಾಯಿತು, ಒಂದಕ್ಕಿಂತ ಹೆಚ್ಚು ವಿಮಾನ ಕಂಪನಿಗಳು ಸೇವೆ ನಿಲ್ಲಿಸಿದವು, ಮೀಸಲು ಸೈನಿಕರಿಗೆ ಕರೆ ಹೋಯಿತು. ಇವುಗಳಲ್ಲಿ ಎರಡು ಕಂಡರೆ ಸಾಮಾನ್ಯ ವಿಮಾನ ಹಾರುತ್ತಿರುವಾಗಲೇ ಹೊರಡಿ. ಸರ್ಕಾರ ಬಂದು ಕರೆದೊಯ್ಯುತ್ತದೆ ಎಂದು ಕಾಯುವವರು ತಿಳಿದಿರಬೇಕು: ಆ ವಿಮಾನ ನಿಮ್ಮೂರಿಗೆ ಹೋಗದಿರಬಹುದು, ಚೀಲವೊಂದೇ ಒಯ್ಯಲು ಬಿಡಬಹುದು, ಕೆಲವು ದೇಶಗಳು ನಂತರ ಖರ್ಚು ವಸೂಲಿ ಮಾಡುತ್ತವೆ.

ಸರ್ಕಾರ ಹೀಗೆ ಕರೆದೊಯ್ಯುವವರ ಪಟ್ಟಿಯಲ್ಲಿ ಹೆಸರಿರಲು ರಾಯಭಾರ ಕಚೇರಿಯಲ್ಲಿ ನೋಂದಾಯಿಸಿರಬೇಕು. ಪಾಸ್‌ಪೋರ್ಟ್ ಸಂಖ್ಯೆ, ಸ್ಥಳೀಯ ಫೋನ್ ಸಂಖ್ಯೆ, ತಂಗಿದ ಕಟ್ಟಡದ ಪೂರ್ತಿ ವಿಳಾಸ, ಜೊತೆಗಿರುವವರ ಹೆಸರು, ನಿತ್ಯದ ಔಷಧಿ ಅಥವಾ ಗಾಲಿಕುರ್ಚಿಯ ಅಗತ್ಯ, ಎಲ್ಲವನ್ನೂ ಬರೆಯಿರಿ. ಊರು ಬದಲಿಸಿದ ದಿನವೇ ವಿಳಾಸ ಬದಲಿಸಿ. ದೇಶ ಬಿಟ್ಟ ಮೇಲೆ ಅದನ್ನೂ ತಿಳಿಸಿ, ಇಲ್ಲದಿದ್ದರೆ ನಿಮಗಾಗಿ ಹುಡುಕುತ್ತ ಯಾರೋ ಇನ್ನೊಬ್ಬರ ಸಮಯ ಹೋಗುತ್ತದೆ.