'ಆದರೆ' ಇಲ್ಲದ ಕ್ಷಮೆ

ಎರಡು ವರ್ಷ ಅಣ್ಣನೂ ನಾನೂ ಜಗಳವಾಡಿರಲಿಲ್ಲ. ಮಾತನ್ನೂ ಆಡಿರಲಿಲ್ಲ. ಅಮ್ಮನ ಚಿಕಿತ್ಸೆಯ ಖರ್ಚಿನ ವಿಷಯದಲ್ಲಿ ನೆಂಟರೆದುರು ನಾನು ಅವನನ್ನು ಹೀಯಾಳಿಸಿದ್ದೆ, ಅವನು ಎದ್ದು ಹೋಗಿದ್ದ. ಆಮೇಲೆ ಮನೆಯಲ್ಲಿ ಸದ್ದಿರಲಿಲ್ಲ. ಅದನ್ನೇ ಸಮಾಧಾನವೆಂದು ನಂಬಿ, ಪ್ರತಿ ಭಾನುವಾರ ದೇವರಿಗೆ ಸ್ತೋತ್ರವನ್ನೂ ಸಲ್ಲಿಸುತ್ತಿದ್ದೆ.

ಕಣ್ಣು ತೆರೆಸಿದ್ದು ಬೈಬಲಿನಲ್ಲಿರುವ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 23 ಮತ್ತು 24ನೇ ವಚನಗಳು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಬೇಕೆಂದು ಯೇಸು ಹೇಳುತ್ತಾನೆ. ಎಷ್ಟೋ ಸಲ ಓದಿದ್ದರೂ ಒಂದು ಸೂಕ್ಷ್ಮ ನನ್ನ ಕಣ್ಣು ತಪ್ಪಿಸಿತ್ತು. ಅಲ್ಲಿ ಕೇಳುವುದು, ನನ್ನ ಮೇಲೆ ಅವನಿಗೆ ಏನಾದರೂ ಇದೆಯೇ ಎಂದು. ಯಾರ ತಪ್ಪು ಹೆಚ್ಚು ಎಂಬ ಲೆಕ್ಕವೇ ಅಲ್ಲಿಲ್ಲ. ಆ ಭಾನುವಾರ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಏಳಲು ಕಾಲು ಬರಲಿಲ್ಲ.

ಅಣ್ಣನಿಗೆ ಹೇಳಬೇಕಾದ್ದನ್ನು ಮೊದಲು ಹಾಳೆಯಲ್ಲಿ ಬರೆದುಕೊಂಡೆ. ನಾಲ್ಕು ಕಡೆ 'ಆದರೆ' ಇತ್ತು. "ನಾನು ಹಾಗೆ ಮಾತನಾಡಬಾರದಿತ್ತು, ಆದರೆ ನೀನೂ..." ಪ್ರಾರ್ಥಿಸುತ್ತ ಒಂದೊಂದನ್ನೇ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಎರಡೇ ಸಾಲು.

ಅಣ್ಣ ಬಾಗಿಲು ತೆರೆದ, ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದೆ: "ಅಣ್ಣಾ, ಎಲ್ಲರೆದುರು ನಿನ್ನ ಮಾನ ಕಳೆದೆ. ತಪ್ಪು ನನ್ನದು, ಕ್ಷಮಿಸು."

ಬಹಳ ಹೊತ್ತಿನ ಮೇಲೆ, "ಈಗ ನೆನಪಾಯಿತೇ?" ಎಂದ. ಸಮರ್ಥನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ತುಂಬಾ ತಡಮಾಡಿದೆ" ಎಂದಷ್ಟೇ ಹೇಳಿದೆ. ಅವನು ಒಳಗೆ ಕರೆಯಲಿಲ್ಲ.

ಆದರೂ ಹಿಂತಿರುಗುವಾಗ ಎದೆ ಹಗುರವಾಗಿತ್ತು. ಯಾವಾಗಲೂ ಕರ್ತನಲ್ಲಿ ಸಂತೋಷಪಡಬೇಕೆಂದು ಅಪೊಸ್ತಲ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಗೆ ಬರೆದದ್ದು ಸೆರೆಯಲ್ಲಿದ್ದಾಗ. ಆ ಮಾತಿಗೆ ಎರಡೇ ವಚನ ಮೊದಲು, ಮನಸ್ಸು ಮುರಿದುಕೊಂಡಿದ್ದ ಇಬ್ಬರು ಸ್ತ್ರೀಯರನ್ನು ಒಂದಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಅವರು ಒಂದಾದರೋ ಇಲ್ಲವೋ ಎಂದು ಕಾಯದೆ ಸಂತೋಷದ ಮಾತೆತ್ತುತ್ತಾನೆ. ಮುಚ್ಚಿದ ಬಾಗಿಲಿನಿಂದ ಮರಳುತ್ತಿದ್ದ ನನಗೆ ಅದು ಅಂದು ಅರ್ಥವಾಯಿತು.

ಅಲ್ಲಿಂದೀಚೆಗೆ ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಅಣ್ಣನ ಒಂದು ಒಳಿತನ್ನು ನೆನೆದು ಸ್ತೋತ್ರ ಹೇಳುತ್ತೇನೆ. ಅವನನ್ನು ಬದಲಿಸೆಂದು ಕೇಳುವುದನ್ನು ಬಿಟ್ಟಿದ್ದೇನೆ. ಮೊದಲ ವಾರ ಏನೂ ಹೊಳೆಯದೆ ತಡವರಿಸಿದೆ. ಆಮೇಲೆ, ಜ್ವರ ಬಂದಿದ್ದ ನನ್ನನ್ನು ಅವನು ಸೈಕಲ್ಲಿನಲ್ಲಿ ಕೂರಿಸಿಕೊಂಡು ವೈದ್ಯರ ಬಳಿಗೆ ಕರೆದೊಯ್ದದ್ದು ನೆನಪಾಯಿತು. ಪೆಡಲ್ ತುಳಿಯುತ್ತಲೇ ಒಂದು ಕೈ ಹಿಂದಕ್ಕೆ ಚಾಚಿ ನನ್ನನ್ನು ಹಿಡಿದುಕೊಂಡಿದ್ದ.

ಕಳೆದ ವಾರ ಫೋನ್ ಬಂತು. "ಅಮ್ಮನ ಔಷಧಿಯ ಚೀಟಿ ಕಳಿಸು, ಈ ಸಲ ನಾನು ತರುತ್ತೇನೆ" ಎಂದ. ಅಷ್ಟು ಹೇಳಿ ಇಟ್ಟುಬಿಟ್ಟ.