ಮೆಷಿನ್ ನಿಲ್ಲಿಸೋ ಹಕ್ಕು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಬೋರ್ಡ್, ಅಂದರೆ ತೆಳು ರಟ್ಟಿನಿಂದ ಊದುಬತ್ತಿ ಡಬ್ಬಿ ಮಾಡುತ್ತೇವೆ. ಒಟ್ಟು 14 ಜನ. ಒಂದು ವರ್ಷದಲ್ಲಿ ಆರು ಜನ ಕೆಲಸ ಬಿಟ್ಟರು. ಸಂಬಳ ಸಾಲುತ್ತಿಲ್ಲ ಅಂದುಕೊಂಡು ಸಾವಿರ ರೂಪಾಯಿ ಜಾಸ್ತಿ ಮಾಡಿದೆ. ಎರಡೇ ತಿಂಗಳಿಗೆ ಮತ್ತೊಬ್ಬರು ಹೊರಟರು.

ಅವರು ಪಂಚಿಂಗ್ ಮೆಷಿನ್ ಆಪರೇಟರ್. ಬೋರ್ಡನ್ನು ಡಬ್ಬಿಯ ಆಕಾರಕ್ಕೆ ಕತ್ತರಿಸಿ, ಮಡಚುವ ಗೆರೆ ಒತ್ತುವ ಮೆಷಿನ್ ಅದು. ದಿನಾ ನಂಜನಗೂಡಿನಿಂದ ಬರುತ್ತಿದ್ದರು. ಲೆಕ್ಕ ಚುಕ್ತಾ ಮಾಡುವಾಗ ಕಾರಣ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸಾರ್, ಬೋರ್ಡ್ ಒಣಗಿದೆ, ಮಡಚಿದ್ರೆ ಒಡೀತದೆ ಅಂತ ಅವತ್ತೇ ಹೇಳ್ದೆ. ಸುಮ್ನೆ ಓಡ್ಸು ಅಂದ್ರಿ. ಮಾಲು ವಾಪಸ್ ಬಂದಾಗ ಎಲ್ಲರ ಮುಂದೆ ನನ್ನೇ ಬೈದ್ರಿ."

ಆ ರಾತ್ರಿ ನಿದ್ದೆ ಬರಲಿಲ್ಲ. ಹತ್ತು ವರ್ಷ ಅದೇ ಮೆಷಿನ್ ಮುಂದೆ ನಿಂತವರು, ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಬೋರ್ಡ್ ಹೇಗಿದೆ ಅಂತ ಗೊತ್ತಾಗುತ್ತಿತ್ತು ಅವರಿಗೆ. ಆ ಕೈಗೆ ನಾನು ಬೆಲೆನೇ ಕೊಟ್ಟಿರಲಿಲ್ಲ.

ಆಮೇಲೆ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನೋವಿಜ್ಞಾನಿಯ ಬಗ್ಗೆ ಓದಿದೆ. ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಅವರು ಹೇಳಿದ್ದು ಇದು: ಸಂಬಳ, ಸೌಕರ್ಯ ಸರಿ ಇಲ್ಲದಿದ್ದರೆ ಜನಕ್ಕೆ ಬೇಸರ ಆಗುತ್ತದೆ. ಸರಿ ಇದ್ದರೆ ಬೇಸರ ಹೋಗುತ್ತದೆ, ಅಷ್ಟೇ. ಖುಷಿ ಬರುವುದು ಕೆಲಸದೊಳಗಿಂದ, ಜವಾಬ್ದಾರಿ, ಮನ್ನಣೆ ಸಿಕ್ಕಾಗ.

ಮೊದಲು ಬೇಸರದ ಕಡೆ ಸರಿ ಮಾಡಿದೆ. 7ನೇ ತಾರೀಕು ದಾಟದಂತೆ ಸಂಬಳ. ಓವರ್‌ಟೈಮ್‌ಗೆ ಕಾಯ್ದೆ ಹೇಳುವ ಡಬಲ್ ದರ, ಅದೂ ಸ್ಲಿಪ್‌ನಲ್ಲಿ ಬರೆದು. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಾಗಿ ಹಾಕಿಕೊಳ್ಳುವಂಥ ಶೌಚಾಲಯ. ಇಷ್ಟು ಮಾಡಲು ಇಷ್ಟು ವರ್ಷ ಬೇಕಾಯಿತಲ್ಲ ಎಂಬ ನೋವು ನನಗೆ ಈಗಲೂ ಇದೆ.

ಆಮೇಲೆ ಒಂದು ನಿಯಮ ತಂದೆ. ಮಾಲು ಸರಿ ಇಲ್ಲ ಅನ್ನಿಸಿದರೆ ಆಪರೇಟರ್ ಮೆಷಿನ್ ನಿಲ್ಲಿಸಬಹುದು, ನನ್ನನ್ನು ಕೇಳಬೇಕಿಲ್ಲ. ಮೊದಲ ಡಬ್ಬಿ ಸರಿ ಇದೆ ಅನ್ನೋದಕ್ಕೆ ಅವರದೇ ಸಹಿ. ಮೂರು ತಿಂಗಳು ಯಾರೂ ನಿಲ್ಲಿಸಲಿಲ್ಲ. ಭಯ ಅಷ್ಟು ಬೇಗ ಹೋಗುತ್ತದಾ?

ಕಳೆದ ದಸರಾಗೆ ಮುಂಚೆ, ಆರ್ಡರ್ ಮೇಲೆ ಆರ್ಡರ್ ಇರುವಾಗ, ಒಂದು ಮಧ್ಯಾಹ್ನ ಪಂಚಿಂಗ್ ಸದ್ದು ನಿಂತಿತು. ಓಡಿಹೋದೆ. ಬೆಳಗೊಳದಿಂದ ಬರುವ ನಮ್ಮ ಹೊಸ ಆಪರೇಟರ್ ಏನೂ ಹೇಳದೆ ಒಂದು ಡಬ್ಬಿ ಕೈಗೆ ಕೊಟ್ಟರು. ಮಡಚಿದೆ. ಗೆರೆಯುದ್ದಕ್ಕೂ ಬಣ್ಣ ಬಿರಿದು ಬಿಳಿ ಕಾಣಿಸಿತು. ಮಡಚುವ ಗೆರೆ ಒತ್ತುವ ಕ್ರೀಸಿಂಗ್ ಪಟ್ಟಿ ಸವೆದಿತ್ತು. "ಬದಲಾಯಿಸಿ ಶುರು ಮಾಡ್ತೀನಿ ಸಾರ್" ಅಂದರು. ಮಾಲು ಒಂದು ದಿನ ತಡವಾಗಿ ಹೋಯಿತು. ಒಂದು ಡಬ್ಬಿಯೂ ವಾಪಸ್ ಬರಲಿಲ್ಲ.