ಗಂಗೋತ್ರಿ ಗ್ರಾನೈಟಿನ ವಯಸ್ಸು ಮತ್ತು ಮೂಲ: ನನ್ನ ಅನುಭವ

ಭಾರತ ಮತ್ತು ಯುರೇಷ್ಯಾ ಫಲಕಗಳ ಘರ್ಷಣೆ ಸುಮಾರು 5 ಕೋಟಿ ವರ್ಷಗಳ ಹಿಂದೆ ಆರಂಭವಾಯಿತು; ಹಿಮಾಲಯದ ಭಾಗೀರಥಿ ಕಣಿವೆಯ ಮೇಲ್ಭಾಗದಲ್ಲಿರುವ ತಿಳಿಬಣ್ಣದ ಗಂಗೋತ್ರಿ ಗ್ರಾನೈಟ್ ಹುಟ್ಟಿದ್ದು ಅದಾಗಿ ಬಹುಕಾಲದ ಮೇಲೆ. ಅದು ಯಾವಾಗ ಹುಟ್ಟಿತು, ಯಾವ ಶಿಲೆ ಕರಗಿ ಹುಟ್ಟಿತು ಎಂಬ ಎರಡು ಪ್ರಶ್ನೆಗಳನ್ನಿಟ್ಟುಕೊಂಡು ನಾನು ಮಾದರಿಗಳನ್ನು ಸಂಗ್ರಹಿಸಿದೆ. ಹವೆಗೆ ಸವೆದ ಹೊರಪದರವನ್ನು ಒಡೆದು ತೆಗೆದ ಮೇಲೆ, ಬಿಳಿಯ ಫೆಲ್ಡ್‌ಸ್ಪಾರ್ ನಡುವೆ ಕಪ್ಪು ಟೂರ್ಮಲಿನ್ ಕಡ್ಡಿಗಳೂ ಬೆಳ್ಳಗೆ ಹೊಳೆಯುವ ಮಸ್ಕೊವೈಟ್ ಅಭ್ರಕದ ಹಾಳೆಗಳೂ ಬರಿಗಣ್ಣಿಗೇ ಕಾಣುತ್ತವೆ.

ರಾಸಾಯನಿಕ ವಿಶ್ಲೇಷಣೆ ಮೂಲದ ಪ್ರಶ್ನೆಯನ್ನು ಬೇಗನೆ ಬಗೆಹರಿಸಿತು. ಸಿಲಿಕಾ ಶೇ. 70ಕ್ಕಿಂತ ಹೆಚ್ಚು, ಅಲ್ಯುಮಿನಾ ಅಧಿಕ, ರುಬಿಡಿಯಂ ಹೆಚ್ಚು, ಸ್ಟ್ರಾನ್ಷಿಯಂ ಮತ್ತು ಬೇರಿಯಂ ಕಡಿಮೆ. ರುಬಿಡಿಯಂ ನಿಧಾನವಾಗಿ ಕ್ಷಯಿಸಿ ಸ್ಟ್ರಾನ್ಷಿಯಂ 87 ಆಗುತ್ತದೆ. ಮ್ಯಾಂಟಲ್‌ನಿಂದ (ಭೂಮಿಯ ತೊಗಟೆಯ ಕೆಳಗಿನ ಪದರದಿಂದ) ಬಂದ ಶಿಲಾರಸದಲ್ಲಿ ಸ್ಟ್ರಾನ್ಷಿಯಂನ ಎರಡು ಐಸೋಟೋಪುಗಳ (ತೂಕ ಬೇರೆಯಾದ ಪರಮಾಣುಗಳ) 87/86 ಅನುಪಾತ ಸಾಮಾನ್ಯವಾಗಿ 0.704ರ ಆಸುಪಾಸಿನಲ್ಲಿದ್ದರೆ, ಇಲ್ಲಿನ ಆರಂಭಿಕ ಅನುಪಾತ, ಅಂದರೆ ಗ್ರಾನೈಟ್ ಹುಟ್ಟಿದಾಗಿನದು, 0.74ನ್ನೂ ಮೀರುತ್ತದೆ. ಹಳೆಯ ಜೇಡಿಮಣ್ಣಿನ ಸಂಚಯಗಳು ರೂಪಾಂತರಗೊಂಡು, ಅವುಗಳೊಳಗಿನ ಮಸ್ಕೊವೈಟ್ ಹೊರಗಿನ ನೀರಿನ ನೆರವಿಲ್ಲದೆ ವಿಘಟನೆಯಾಗಿ ಕರಗಿದಾಗ ಮಾತ್ರ ಇಂಥ ಸಂಯೋಜನೆ ಸಹಜವಾಗಿ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಕರಗದೆ ಹಿಂದೆ ಉಳಿದು ಬೇರಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ವಯಸ್ಸಿನ ನಿರ್ಣಯವೇ ಕಷ್ಟದ ಕೆಲಸ. ಕರಗುವ ಮೊದಲೇ ಮೂಲಶಿಲೆಯ ಐಸೋಟೋಪುಗಳು ಪದರದಿಂದ ಪದರಕ್ಕೆ ಭಿನ್ನವಾಗಿದ್ದುದರಿಂದ, ಇಡೀ ಶಿಲೆಯ ರುಬಿಡಿಯಂ-ಸ್ಟ್ರಾನ್ಷಿಯಂ ಬಿಂದುಗಳು ವಯಸ್ಸನ್ನು ಹೇಳಬೇಕಾದ ಒಂದು ರೇಖೆಗೆ ಕೂರುವುದಿಲ್ಲ. ಆದ್ದರಿಂದ, ಯುರೇನಿಯಂ ಎಷ್ಟು ಕ್ಷಯಿಸಿ ಸೀಸವಾಗಿದೆ ಎಂಬುದರಿಂದ ವಯಸ್ಸು ತಿಳಿಸುವ ಜಿರ್ಕಾನ್ ಖನಿಜದ ಹರಳುಗಳನ್ನು ಬೇರ್ಪಡಿಸಿ, ಎಪಾಕ್ಸಿ ಅಂಟಿನಲ್ಲಿ ಹುದುಗಿಸಿ, ಅರ್ಧದವರೆಗೆ ಉಜ್ಜಿ ನಯಗೊಳಿಸಿದೆ. ಕ್ಯಾಥೋಡೋಲ್ಯುಮಿನೆಸೆನ್ಸ್ ಚಿತ್ರದಲ್ಲಿ (ಎಲೆಕ್ಟ್ರಾನ್ ಕಿರಣ ಬಿದ್ದಾಗ ಹರಳು ಸೂಸುವ ಬೆಳಕಿನ ಚಿತ್ರದಲ್ಲಿ) ನಡುವೆ ದುಂಡಗೆ ಸವೆದ ಹಳೆಯ ತಿರುಳು, ಅದರ ಸುತ್ತ ಕಪ್ಪಾದ, ಯುರೇನಿಯಂ ಹೆಚ್ಚಿರುವ ತೆಳ್ಳನೆಯ ಅಂಚು ಸ್ಪಷ್ಟವಾಗಿ ಕಂಡವು. ಶಿಲಾರಸದ ತಾಪ 700 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದುದರಿಂದ ಹಳೆಯ ಜಿರ್ಕಾನ್ ಪೂರ್ತಿ ಕರಗಿರಲಿಲ್ಲ. ಅಳತೆಗಾಗಿ ಹರಳಿನ ಒಂದು ಬಿಂದುವನ್ನು ಆವಿಯಾಗಿಸುವ ಲೇಸರ್ ಕಿರಣ ತಿರುಳು ಮತ್ತು ಅಂಚು ಎರಡನ್ನೂ ತಾಕಿದರೆ ಬರುವ ವಯಸ್ಸು ಯಾವ ಘಟನೆಯದೂ ಅಲ್ಲದ ಬೆರಕೆ ಸಂಖ್ಯೆ. ಆದ್ದರಿಂದ ಪ್ರತಿ ಬಿಂದುವನ್ನೂ ಚಿತ್ರ ನೋಡಿಯೇ ಗುರುತಿಸಿದೆ. ಅಂಚುಗಳು ಸುಮಾರು 2.2ರಿಂದ 2.3 ಕೋಟಿ ವರ್ಷಗಳನ್ನು ಕೊಟ್ಟರೆ, ತಿರುಳುಗಳಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯವು ಸಿಕ್ಕವು. ಈ ತಿರುಳುಗಳನ್ನು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಕರಗಿದ ಸಂಚಯದ ಪರಿಚಯ ಉಳಿದಿರುವುದು ಅವುಗಳಲ್ಲೇ.

ಅಂಚುಗಳ ವಯಸ್ಸನ್ನು ಮೊನಜೈಟ್ ಎಂಬ ಇನ್ನೊಂದು ಖನಿಜದಿಂದ ಪರಿಶೀಲಿಸಿದೆ. ಯುರೇನಿಯಂ 238 ಕ್ಷಯಿಸಿ ಸೀಸ 206 ಆಗುವ ದಾರಿಯ ನಡುವೆ ಬರುವ ಥೋರಿಯಂ 230ನ್ನು ಈ ಖನಿಜ ಬೆಳೆಯುವಾಗಲೇ ಹೆಚ್ಚಾಗಿ ಸೇರಿಸಿಕೊಳ್ಳುವುದರಿಂದ ಸೀಸ 206 ಅಧಿಕವಾಗಿ, ಯುರೇನಿಯಂ 238ರಿಂದ ಲೆಕ್ಕಹಾಕಿದ ವಯಸ್ಸು ನಿಜಕ್ಕಿಂತ ಹಿರಿದಾಗಿ ತೋರುತ್ತದೆ. ಆ ಕಾರಣ ಥೋರಿಯಂ 232-ಸೀಸ 208 ವಯಸ್ಸನ್ನೇ ಆಧಾರವಾಗಿಟ್ಟುಕೊಂಡೆ. ಅದು ಜಿರ್ಕಾನ್ ಅಂಚುಗಳೊಂದಿಗೆ ಹೊಂದಿಕೊಂಡಿತು.